ಅವ್ವ ಬಳಿದ ಗೋಡೆ

ಯಾರ ಮುಂದೂ ಹೇಳಲಾರದ ಅಂಜಿಕೆಯೊಂದು ನನ್ನೊಳಗಿತ್ತು. ಬರೆದರೆ ಹಗುರಾದೀತು ಅಂತ ಗುರುವಾರ ಸಂಜೆ ಡೈರಿ ತೆಗೆದು ಒಂದೇ ಸಾಲು ಬರೆದೆ: ಅವ್ವನ ಜೋಡಿ ಎರಡು ದಿನ ಏನು ಮಾತಾಡಲಿ?

ಬರೆದ ಮೇಲೆ ನನಗೇ ನಾಚಿಕೆಯಾಗಿ ಪುಟದ ಮೇಲೆ ಅಂಗೈ ಇಟ್ಟು ಕುಳಿತೆ. ಹೆತ್ತ ತಾಯಿ. ಜೋಳ ಬಿತ್ತುವ ಹೊತ್ತಿಗೆ ಹೈದರಾಬಾದಿಗೆ ಹೋದವಳನ್ನು ಈ ಬಿಸಿಲು ಬರುವ ತನಕ ನೋಡಿಲ್ಲ. ನೋಡಿದರೆ ಸಾಕು ಅಂತ ದಿನಾ ಅನಿಸುತ್ತಿತ್ತು. ನೋಡುವ ದಿನ ಹತ್ತಿರ ಬಂದ ಕೂಡಲೇ, ನೋಡಿದ ಮೇಲೆ ಏನು ಅನ್ನುವ ಭಯ ಹತ್ತಿತು. ಫೋನಿನಲ್ಲಿ ನಮ್ಮ ಮಾತು ಇಷ್ಟೇ ಇರುತ್ತಿತ್ತು.

'ಆರಾಮಿದ್ದಿ?'

'ಆರಾಮ. ನೀ?'

'ನಾನೂ ಆರಾಮ. ಉಂಡಿ?'

'ಉಂಡೆ.'

ಆಮೇಲೆ ಆ ಕಡೆ ಕಾಂಕ್ರೀಟು ಕಲಸುವ ಮಷಿನ್ನಿನ ಗರಗರ ಸಪ್ಪಳ. 'ಫೋನ ಇಡ್ಲ್ಯಾ?' ಅನ್ನುತ್ತಿದ್ದಳು. 'ಇಡವ್ವ' ಅನ್ನುತ್ತಿದ್ದೆ. ಇಟ್ಟ ಮೇಲೆ ಫೋನು ಕಿವಿಗೆ ಹಿಡಿದೇ ಇನ್ನೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದೆ, ನಾನಿರುವ ಮನೆಯ ಕಾಕಿ ನೋಡಿದರೆ ಇನ್ನೂ ಮಾತಾಡುತ್ತಿದ್ದೇನೆ ಅಂದುಕೊಳ್ಳಲಿ ಅಂತ.

ಔರಾದ ಕಡೆಯ ನಮ್ಮೂರಿಗೆ ಎರಡು ವರ್ಷ ಒಂದರ ಬೆನ್ನಿಗೊಂದು ಮಳೆ ತಪ್ಪಿತ್ತು. ನಮಗೆ ಹೊಲ ಇಲ್ಲ. ಮಂದಿಯ ಹೊಲದಲ್ಲಿ ಕೆಲಸ ನಿಂತ ಮೇಲೆ ಊರಿನಲ್ಲಿ ಇರುವುದಕ್ಕೆ ನಮಗೇನೂ ನೆಪ ಉಳಿಯಲಿಲ್ಲ. ಅಪ್ಪ ಕಾಶೀರಾಮ ಹೈದರಾಬಾದಿನಲ್ಲಿ ಏಳುತ್ತಿದ್ದ ಒಂದು ಕಟ್ಟಡಕ್ಕೆ ವಾಚಮನ್ ಆದ. ಅವ್ವ ಕೌಸಲ್ಯಾಬಾಯಿ ಅದೇ ಕಟ್ಟಡದಲ್ಲಿ ಸಿಮೆಂಟಿನ ಪುಟ್ಟಿ ಹೊತ್ತಳು. ನನ್ನನ್ನು ಬೀದರಿನ ಚಿದ್ರಿಯಲ್ಲಿ ಅಪ್ಪನ ತಮ್ಮ ಮಚ್ಛೇಂದ್ರ ಕಾಕಾನ ಮನೆಯಲ್ಲಿ ಬಿಟ್ಟರು. ಬಿ.ಎ. ಮುಗಿಸಿದ ಹುಡುಗಿ, ನೌಕರಿ ಪರೀಕ್ಷೆಗೆ ಓದಲಿ ಅಂತ.

ಕಾಕಾ, ಕಾಕಿ ಕೆಟ್ಟವರಲ್ಲ. ಪಡಸಾಲೆಯಲ್ಲಿ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ, ಅವುಗಳ ಕೆಳಗೆ ನಾನು ಓದಲು ಒಂದು ಜಾಗ. ಯಾರೂ ಏಳು ಅನ್ನುವುದಿಲ್ಲ. ಆದರೂ ಕಾಕಾನ ಚಪ್ಪಲಿಯ ಸಪ್ಪಳ ಕೇಳಿದರೆ ಕಾಲು ಮಡಚಿಕೊಳ್ಳುತ್ತೇನೆ. 'ಬ್ಯಾಡ ಕಾಕಿ, ಸಾಕು', 'ಹ್ಞೂಂ ಕಾಕಾ' — ಕೆಲವು ದಿನ ಬೆಳಗಿನಿಂದ ಬೈಗಿನ ತನಕ ನನ್ನ ಬಾಯಿಂದ ಬರುವ ಮಾತು ಇವೆರಡೇ.

ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದ ಮುಜೀಬೋದ್ದೀನ ಸರ್ ಲೈಬ್ರರಿಯ ಮೆಟ್ಟಿಲ ಮೇಲೆ ಸಿಕ್ಕಿದ್ದು ಆ ದಿನಗಳಲ್ಲಿ. ಭಾಲ್ಕಿಯ ಹಳೆಯ ಹತ್ತಿ ಗಿರಣಿಯ ಮಾತು ತೆಗೆದರು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಾಲೀಕರ ಮೊಮ್ಮಕ್ಕಳು ಅದನ್ನು ಚಿತ್ರ ಬರೆಯುವವರಿಗೆ, ಕುಂಬಾರರಿಗೆ, ನೇಕಾರರಿಗೆ ಬಿಟ್ಟುಕೊಟ್ಟಿದ್ದರು. ಕೂಲಿಕಾರರ ಚಾಳಿನಲ್ಲಿ ಈಗ ಕಲೆಗಾರರ ಅಂಗಡಿ, ಲಾರಿ ತೂಗುತ್ತಿದ್ದ ಕೋಣೆಯಲ್ಲಿ ಚಹಾದ ಹೋಟೆಲು. ಶನಿವಾರ, ರವಿವಾರ ಹೈದರಾಬಾದಿನಿಂದ ಕಾರಿನಲ್ಲಿ ಮಂದಿ ಬರುತ್ತಾರಂತೆ.

'ಈ ಶನಿವಾರ ಗೋಡಿ ಶಿಬಿರ ಅದ,' ಅಂದರು ಸರ್. 'ದೊಡ್ಡ ಕಂಪೌಂಡ್ ಗೋಡಿ. ಒಬ್ಬೊಬ್ಬರಿಗೆ ಒಂದೊಂದು ಭಾಗ. ಏನ್ ಬೇಕಾದ್ರೂ ಬರೀರಿ. ಇರಾಕ ಜಾಗ, ಊಟ ಎಲ್ಲಾ ನಮ್ಮದೇ. ಮನಿಯವರನ್ನೂ ಕರಕೊಂಡ ಬಾಮ್ಮಾ.'

ಮನೆಯವರು ಅಂದ ಕೂಡಲೇ ನನಗೆ ಕಂಡದ್ದು ಅವ್ವನ ಮುಖ. ಊರಿನ ಮನೆಗೆ ಬೀಗ, ಕೊಡ ನೀರಿಗೂ ಗತಿ ಇಲ್ಲ. ಕಾಕಾನ ಮನೆಯಲ್ಲಿ ಇನ್ನೊಬ್ಬರಿಗೆ ಕಾಲು ಚಾಚಲು ತಾವಿಲ್ಲ. ಅವ್ವನೂ ನಾನೂ ಎರಡು ದಿನ ಒಟ್ಟಿಗೆ ಇರಬಹುದಾದ ಜಾಗ ಈ ಇಡೀ ಜಿಲ್ಲೆಯಲ್ಲಿ ಅದೊಂದೇ ಅನಿಸಿತು. ಅವತ್ತೇ ಫೋನು ಮಾಡಿದೆ.

'ಅವ್ವ, ಭಾಲ್ಕಿ ಗಿರಣ್ಯಾಗ ಗೋಡಿಗಿ ಬಣ್ಣ ಹಚ್ಚೋದದ. ಶನಿವಾರ, ರವಿವಾರ. ಇರೋದು, ಉಣ್ಣೋದು ಅವರದೇ. ಬರ್ತಿ?'

ನಿನ್ನನ್ನು ನೋಡಬೇಕು ಅನಿಸಿದೆ ಅಂತ ಮುಂದೆ ಹೇಳಬೇಕಿತ್ತು. ಆ ಕಡೆ ಮಷಿನ್ನು ತಿರುಗುತ್ತಿತ್ತು.

'ಗೋಡಿ ಕೆಲಸ ನನಗ ಬರ್ತದ,' ಅಂದಳು ಅವ್ವ. 'ಬರ್ತೇನಿ.'

ನನಗೆ ಕೇಳಿಸಿದ್ದು ಬರ್ತೇನಿ ಅನ್ನುವುದು ಮಾತ್ರ.

ಹೈದರಾಬಾದಿನಿಂದ ಭಾಲ್ಕಿಗೆ ಹೋಗುವ ರೈಲು ಬೀದರಿನ ಮೇಲೆಯೇ ಹಾಯುತ್ತದೆ. ಶನಿವಾರ ಬೆಳಗ್ಗೆ ನಾನು ಬೀದರಿನಲ್ಲಿ ಹತ್ತಿದೆ. ಅವ್ವನ ಫೋನು ಬಂದಾಗಿತ್ತು, ಯಾವ ಡಬ್ಬಿಯಲ್ಲಿದ್ದಾಳೆ ತಿಳಿಯದು. ನಿಲ್ಲಲೂ ಜಾಗವಿಲ್ಲದ ಗದ್ದಲ. ಕಿಟಕಿಯಾಚೆ ಹಲಬರ್ಗಾದ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು, ಗಿಡದ ನೆರಳಿಗೆ ಒಂದು ದನವೂ ಕಾಣಲಿಲ್ಲ. ಇದೇ ರೈಲಿನಲ್ಲಿ ಎಲ್ಲೋ ಅವ್ವ ಇದ್ದಾಳೆ, ಅವಳಿಗೂ ಇದೇ ಹೊಲ ಕಾಣುತ್ತಿದೆ ಅಂದುಕೊಂಡು ನಿಂತೆ. ಭಾಲ್ಕಿ ದೂರವೇ ಇರಲಿ ಅಂತಲೂ ಒಂದು ಗಳಿಗೆ ಅನಿಸಿತು.

ಭಾಲ್ಕಿಯಲ್ಲಿ ಇಳಿದಾಗ ಅವ್ವ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದ್ದಳು. ಕೈಯಲ್ಲಿ ವೈರಿನ ಚೀಲ, ಬಗಲಲ್ಲಿ ಬಟ್ಟೆ ಸುತ್ತಿದ ನಾರಿನ ಕುಂಚ. ಅವಳ ಹಿಂದೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು ಗುಂಡಮ್ಮತ್ತಿ.

ಗುಂಡಮ್ಮತ್ತಿ ನಮ್ಮೂರಿನವಳೇ. ಹೈದರಾಬಾದಿನಲ್ಲಿ ತಗಡಿನ ಸಾಲಿನಲ್ಲಿ ಅವ್ವನ ಬಾಜೂ ಮನೆ, ಕೆಲಸದಲ್ಲಿ ಅವ್ವನ ಜೋಡಿ. ಗುಳೆ ಹೋದವರಲ್ಲಿ ಒಂದು ರಿವಾಜು ಇದೆ. ಎಲ್ಲಾದರೂ ಹೊಸ ಕೆಲಸ ಇದೆ ಅಂತ ಗೊತ್ತಾದರೆ ಜೋಡಿಯವಳಿಗೆ ಹೇಳದೆ ಹೋಗಬಾರದು. ಹೇಳದೆ ಒಬ್ಬಳೇ ಹೋದವಳ ಎದುರಿಗೆ ಆಮೇಲೆ ಯಾರೂ ಪುಟ್ಟಿ ಹಿಡಿಯುವುದಿಲ್ಲ. ಈ ರಿವಾಜು ನನಗೂ ಗೊತ್ತಿತ್ತು. ಆದರೆ ನಾನು ಹೇಳಿದ್ದು ಕೆಲಸ ಅಲ್ಲವಲ್ಲ ಅಂದುಕೊಳ್ಳುವಷ್ಟರಲ್ಲಿ ಆ ಕುಂಚ ಮತ್ತೆ ಕಣ್ಣಿಗೆ ಬಿತ್ತು. 'ಗೋಡಿ ಕೆಲಸ ನನಗ ಬರ್ತದ' ಅಂದದ್ದು ಆಗ ಕೇಳಿಸಿತು.

'ಏ ಸುಮಿ, ಹಂಗ್ಯಾಕ ನೋಡ್ತಿ? ನಾ ಬರಬಾರದಿತ್ತೇನ?' ಅಂದಳು ಗುಂಡಮ್ಮತ್ತಿ.

'ಹಂಗಲ್ಲತ್ತಿ. ಬರ್ರಿ.'

'ನೋಡ ಕೌಸಲ್ಯಾ. ನಿನ್ನ ಮಗಳು ಪ್ಯಾಟಿಯಾಕಿ ಆಗ್ಯಾಳ, ನನಗ ಬರ್ರಿ ಅಂತಾಳ. ಸಣ್ಣಾಕಿದ್ದಾಗ ನನ್ನ ಸೀರಿಗಿ ಮೂಗ ಒರಸ್ತಿದ್ಲು.'

ಅವ್ವ ನಗಲಿಲ್ಲ. ನನ್ನ ಮುಖ ನೋಡಿದಳು, ಕಣ್ಣು ಮುಖದಿಂದ ಕೈಗೆ ಇಳಿಯಿತು. 'ಸೊರಗೀದಿ,' ಅಂದಳು.

'ಇಲ್ಲವ್ವ. ಆರಾಮಿದ್ದೇನಿ.'

'ಹ್ಞೂಂ.'

ಎಷ್ಟೋ ತಿಂಗಳ ಮಾತು ಅಲ್ಲಿಗೆ ಮುಗಿಯಿತು. ಆಟೋದಲ್ಲಿ ಕೂತ ಮೇಲೆ ಅವ್ವ ಕೇಳಿದಳು: 'ಮೇಸ್ತ್ರಿ ಎಂಥಾವ? ಬಾಯಿ ಕೆಟ್ಟಾವೇನ?'

ಆಗಲೇ ಹೇಳಬೇಕಿತ್ತು. ಇದು ಕೆಲಸ ಅಲ್ಲವ್ವ, ಇಲ್ಲಿ ಹಾಜರಿ ಹಾಕುವವರಿಲ್ಲ, ಮಂದಿ ಖುಷಿಗೆ ಬರುವ ಜಾಗ ಅಂತ. ಆದರೆ ಗುಂಡಮ್ಮತ್ತಿ ನಮ್ಮಿಬ್ಬರ ನಡುವೆ ಕೂತಿದ್ದಳು. ಕೆಲಸ ಇದೆ ಬಾ ಅಂತ ಅವ್ವನೇ ಅವಳ ಎರಡು ದಿನದ ಹಾಜರಿ ಬಿಡಿಸಿ ಕರೆತಂದಿದ್ದಾಳೆ. ಅವ್ವನ ಮಾತು ಸುಳ್ಳಾಗುತ್ತದೆ, ಅದೂ ಜೋಡಿಯವಳ ಎದುರಿಗೆ, ಅದೂ ನನ್ನಿಂದ.

'ಒಳ್ಳೆಯವರವ್ವ,' ಅಂದೆ. ಸುಳ್ಳೇನಲ್ಲ.

ಗಿರಣಿಯ ಅಂಗಳ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಸುಟ್ಟ ಇಟ್ಟಿಗೆಯ ಎತ್ತರದ ಚಿಮಣಿ, ಅದರ ತಲೆಯ ಮೇಲೆ ಬೇವಿನ ಸಸಿ ಹುಟ್ಟಿತ್ತು. ಹತ್ತಿ ಬಿಡಿಸುತ್ತಿದ್ದ ಉದ್ದನೆಯ ಶೆಡ್ಡಿನಲ್ಲಿ ಯಂತ್ರಗಳು ಹೋಗಿ ಅವುಗಳ ಕಾಲಿನ ಗುರುತು ಮಾತ್ರ ನೆಲದಲ್ಲಿ ಉಳಿದಿತ್ತು. ಅದರ ಮೇಲೆ ಯಾರೋ ಬಣ್ಣದ ಮಡಕೆ ಸಾಲಾಗಿ ಇಟ್ಟಿದ್ದರು. ಬಾಗಿಲಲ್ಲಿ ಒಬ್ಬ ಹುಡುಗಿ ನಮ್ಮ ಹೆಸರು ಕೇಳಿ, ಚೀಟಿ ಬರೆದು, ದಾರ ಕಟ್ಟಿ ಕೊರಳಿಗೆ ಹಾಕಿದಳು. ಎಲ್ಲರೂ ಅದನ್ನು ಎದೆಯ ಮೇಲೆ ಬಿಟ್ಟುಕೊಂಡು ಓಡಾಡುತ್ತಿದ್ದರು. ಅವ್ವ, ಗುಂಡಮ್ಮತ್ತಿ ಇಬ್ಬರೂ ತೆಗೆದು ಮಡಚಿ ಕುಬಸದೊಳಗೆ ಇಟ್ಟುಕೊಂಡರು. ಕಟ್ಟಡದ ಗೇಟ್‌ಪಾಸು ಕಳೆದರೆ ಒಳಗೆ ಬಿಡುವುದಿಲ್ಲ, ಆ ರೂಢಿ.

ಮುಜೀಬೋದ್ದೀನ ಸರ್ ಬಿಳಿ ಗಡ್ಡಕ್ಕೆ ನೀಲಿ ಬಣ್ಣ ತಾಗಿಸಿಕೊಂಡು ಬಂದರು. 'ಬಂದ್ಯಾ ಸುಮೇಧಾ? ಇವರು ತಾಯಿ? ಭಾಳ ಖುಷಿ ಆಯ್ತು ನೋಡ್ರಿ.'

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. 'ಎಲ್ಲಿಂದ ಸುರು ಮಾಡಬೇಕ್ರಿ ಸಾಬ್?'

ಸರ್‌ಗೆ ಎಲ್ಲಿಲ್ಲದ ಸಂತೋಷ. ಬಂದವರೆಲ್ಲ ನನಗೆ ಬರಲ್ಲ, ನನಗೆ ಬರಲ್ಲ ಅಂತ ಹಿಂಜರಿಯುವಾಗ ಈಕೆ ಬಂದ ಕಾಲಲ್ಲೇ ಕೆಲಸ ಕೇಳುತ್ತಾಳೆ. 'ನಿಮಗ ಎಲ್ಲಿ ಮನಸ್ಸು ಬರ್ತದ ಅಲ್ಲಿಂದ ಮಾಡ್ರಿ ಅಮ್ಮಾ. ಇಲ್ಲಿ ನಿಮಗ ಕೇಳೋರು ಯಾರೂ ಇಲ್ಲ.'

ಅವರು ಹೋದ ಮೇಲೆ ಗುಂಡಮ್ಮತ್ತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. 'ಕೇಳೋರು ಯಾರೂ ಇಲ್ಲಂತ! ಇಂಥಾ ಮೇಸ್ತ್ರಿ ಹೈದರಾಬಾದಿನಾಗ ಯಾಕ ಹುಟ್ಟಲಿಲ್ಲ, ಕೌಸಲ್ಯಾ?'

ಅವ್ವ ಆಗಲೇ ಗೋಡೆ ನೋಡುತ್ತಿದ್ದಳು. ಹಳೆಯ ಗೋಡೆ, ಅಲ್ಲಲ್ಲಿ ಸುಣ್ಣ ಎದ್ದು ಪಾಚಿಯ ಕಲೆ. ಬಣ್ಣಕ್ಕೆ ಮೊದಲು ಬಳಿಯಲು ಅಂತ ಮೂಲೆಯಲ್ಲಿ ಡ್ರಮ್ಮಿನ ತುಂಬ ಸುಣ್ಣ ನೆನೆಹಾಕಿದ್ದರು. ಅವ್ವ ಬೆರಳು ಅದ್ದಿ ನೋಡಿದಳು, ಬಕೀಟಿಗೆ ಬಗ್ಗಿಸಿಕೊಂಡಳು. ಟ್ಯಾಂಕರ್ ನೀರಿನ ನಲ್ಲಿ ತಿರುಗಿಸುವಾಗ ಮಾತ್ರ ಕೈ ತಡೆಯಿತು. 'ಕುಡಿಯೋ ನೀರು ಸುಣ್ಣಕ್ಕ ಹಾಕ್ತಾರೇನ ಇವರು?' ಅಂತ ತನಗೆ ತಾನೇ ಅಂದುಕೊಂಡು, ಸಣ್ಣ ಧಾರೆಯಲ್ಲಿ ಸ್ವಲ್ಪವೇ ಬಿಟ್ಟುಕೊಂಡಳು. ಆಮೇಲೆ ಗೋಡೆಯ ಬಡಗಣ ತುದಿಯಿಂದ ಹಿಡಿದಳು. ಗುಂಡಮ್ಮತ್ತಿ ಮುಂದೆ ಮುಂದೆ ಗೋಡೆ ಕೆರೆಯುತ್ತ ಹೋದಳು, ಅವ್ವ ಹಿಂದೆ ಬಳಿಯುತ್ತ ಬಂದಳು.

ನನಗೆ ಕೊಟ್ಟ ಭಾಗ ತೆಂಕಣ ತುದಿಯಲ್ಲಿತ್ತು, ಚಿಮಣಿಯ ನೆರಳಿನಲ್ಲಿ. ಅದು ನನ್ನ ಭಾಗ ಅಂತ ಅವ್ವನಿಗೆ ಬೆರಳು ಮಾಡಿ ತೋರಿಸಿ ಅತ್ತ ಹೋದೆ. ಇದ್ದಿಲು ಕೈಗೆ ತೆಗೆದುಕೊಂಡೆ. ಬಾಜೂ ಭಾಗದಲ್ಲಿ ಕಾಲೇಜಿನ ಹುಡುಗಿಯರು ನವಿಲು ಬರೆಯುತ್ತ, ಒಬ್ಬರ ಮೂಗಿಗೆ ಒಬ್ಬರು ಬಣ್ಣ ಹಚ್ಚುತ್ತ ನಗುತ್ತಿದ್ದರು. ನಾನು ನಮ್ಮೂರಿನ ಮನೆಯ ಬಾಗಿಲು ಬರೆಯತೊಡಗಿದೆ. ಎರಡು ಹಲಗೆಯ ಬಾಗಿಲು, ಎಡಗಡೆ ಹಲಗೆಯಲ್ಲಿ ಇಲಿ ಕಡಿದ ತೂತು, ಮೇಲೆ ಚಿಲಕ, ಚಿಲಕಕ್ಕೆ ಬೀಗ. ಹೊಸ್ತಿಲ ಪಕ್ಕ ಅವ್ವ ಕೂತು ಅಕ್ಕಿ ಆರಿಸುತ್ತಿದ್ದ ಕಲ್ಲು. ಕಲ್ಲಿನ ಮೇಲೆ ಯಾರನ್ನೂ ಬರೆಯಲಿಲ್ಲ.

ಇದನ್ನು ಅವ್ವ ನೋಡುತ್ತಾಳೆ, ನೋಡಿದರೆ ಕೇಳುತ್ತಾಳೆ, ಆಗ ಹೇಳುತ್ತೇನೆ. ಇಷ್ಟೇ ನನ್ನ ಲೆಕ್ಕಾಚಾರ.

ಊಟಕ್ಕೆ ಎಲ್ಲರೂ ಶೆಡ್ಡಿನಲ್ಲಿ ಕೂತಾಗ ಅವ್ವನ ಬಾಜೂ ಜಾಗ ಹಿಡಿದೆ. ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹುಣಸೆ ಸಾರು. ಅವ್ವ ತಲೆ ಎತ್ತದೆ ಉಂಡಳು, ಕೂಲಿಯವರು ಉಣ್ಣುವ ಅವಸರದಲ್ಲಿ.

'ಅವ್ವ, ಉಂಡ ಮ್ಯಾಲ ಜರಾ ಕೂಡೋಣು. ಅಂಗಳದಾಗಿನ ದೊಡ್ಡ ಬೇವಿನ ಬುಡಕ.'

'ಕೂತ್ರ ಏನಂತಾರ? ನಿನ್ನ ಹೆಸರ ಕೆಡ್ತದ.' ತಾಟು ತೊಳೆಯದೆ ಬೂದಿಯಲ್ಲಿ ಒರೆಸಿ ಇಟ್ಟಳು. 'ನೀ ನಿನ್ನ ಕೆಲಸ ಮಾಡ್ಕೊ ಹೋಗು. ನಾ ಇಲ್ಲೇ ಇದ್ದೇನಲ್ಲ.'

ಇಲ್ಲೇ ಇದ್ದಳು ನಿಜ. ಇಡೀ ಮಧ್ಯಾಹ್ನ ಗೋಡೆಯ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವಳ ಬೆನ್ನು. ಕುಂಚ ಮೇಲೆ ಹೋಗುವುದು, ಕೆಳಗೆ ಬರುವುದು ಕಾಣುತ್ತಿತ್ತು. ಗುಂಡಮ್ಮತ್ತಿಯ ಮಾತು ಇಲ್ಲಿಯ ತನಕ ಕೇಳುತ್ತಿತ್ತು. ಕಾರಿನಿಂದ ಇಳಿದ ಒಬ್ಬ ಹೆಂಗಸು ಅವರಿಬ್ಬರ ಫೋಟೊ ಹಿಡಿದಾಗ, 'ಏ ತಾಯಿ, ನಮ್ಮ ಫೋಟೊ ಯಾಕ ಹಿಡೀತಿ, ನಮಗೇನ್ ವರ ನೋಡವಾಕಿ ಇದ್ದಿಯೇನ?' ಅಂದಳು. ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ, ಬಹಳ ಚಂದ ಅನ್ನುವಂತೆ ತಲೆಯಾಡಿಸಿ ಹೋದಳು.

ಸಂಜೆ ಎಲ್ಲರನ್ನೂ ಚಾಳಿನ ಓಣಿಗೆ ಸುತ್ತಾಡಲು ಕಳಿಸಿದರು. ಅವ್ವನನ್ನು ಕರೆದೆ. 'ಕಾಲು ಹಿಡದಾವ ಸುಮಿ, ನೀ ಹೋಗಿ ಬಾ,' ಅಂದಳು. ಒಬ್ಬಳೇ ಹೋದೆ. ಚಾಳಿನ ಪ್ರತಿ ಕೋಣೆಗೂ ಸಣ್ಣ ದೀಪ ಹಚ್ಚಿದ್ದರು. ಒಂದರಲ್ಲಿ ಬಿದ್ರಿ ಹೂದಾನಿ, ಒಂದರಲ್ಲಿ ಮಗ್ಗ, ಒಂದರಲ್ಲಿ ಗೋಡೆ ತುಂಬ ಬರೀ ಕೈಗಳ ಚಿತ್ರ. ಒಂದು ಕಾಲಕ್ಕೆ ಈ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಇದ್ದಿರಬೇಕು. ಗಿರಣಿಯ ಭೋಂಗಾ ಕೂಗಿದರೆ ಎದ್ದು ಓಡಿರಬೇಕು. ಅವರೆಲ್ಲ ಎಲ್ಲಿ ಹೋದರು ಅಂತ ಯಾವ ಕೋಣೆಯಲ್ಲೂ ಬರೆದಿರಲಿಲ್ಲ. ಚಹಾದ ಹೋಟೆಲಿನಲ್ಲಿ ಎರಡೆರಡು ಜನ ಎದುರುಬದುರು ಕೂತಿದ್ದರು. ಖಾಲಿ ಕುರ್ಚಿ ಒಂದಿತ್ತು. ಅದರ ಎದುರು ಕೂತವರಿಗೆ, ಇಲ್ಲಿ ಯಾರಾದರೂ ಬರ್ತಾರೇನ್ರಿ ಅಂತ ಕೇಳುವ ಧೈರ್ಯ ಬರಲಿಲ್ಲ. ನಿಂತೇ ಒಂದು ಚಹಾ ಕುಡಿದು, ಅವ್ವನಿಗೆ ಒಂದು ಬನ್ನು ಕಟ್ಟಿಸಿಕೊಂಡು ಮರಳಿ ಬಂದೆ.

ಶೆಡ್ಡಿನ ಚಾಪೆಯ ಮೇಲೆ ಅವ್ವ ಆಗಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ರೆಪ್ಪೆಯ ಮೇಲೆ ಸುಣ್ಣದ ಚುಕ್ಕೆ. ಅದನ್ನು ಒರೆಸಲು ಕೈ ಚಾಚಿದೆ. ಎಚ್ಚರಾದರೆ ಏನು ಹೇಳಲಿ ಅಂತ ಹಿಂದಕ್ಕೆ ತೆಗೆದುಕೊಂಡೆ. ಬನ್ನನ್ನು ಅವಳ ಚೀಲದ ಮೇಲಿಟ್ಟು, ನಡುವೆ ಒಂದು ಗೇಣು ಜಾಗ ಬಿಟ್ಟು ಮಲಗಿದೆ.

ರವಿವಾರ ನನಗೆ ಎಚ್ಚರಾಗುವಾಗ ಬಿಸಿಲು ಶೆಡ್ಡಿನೊಳಗೆ ಬಂದಿತ್ತು. ಅವ್ವನ ಚಾಪೆ ಸುತ್ತಿಟ್ಟಿತ್ತು. ಹೊರಗೆ ಬಂದು ಗೋಡೆ ನೋಡಿದೆ. ತೆಂಕಣ ತುದಿಗೆ, ಚಿಮಣಿಯ ಪಕ್ಕಕ್ಕೆ, ಅವ್ವ ಬಕೀಟು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಅವಳ ಎದುರಿಗೆ ನನ್ನ ಭಾಗ. ಹಾಲಿನ ಹಾಗೆ ಬೆಳ್ಳಗೆ. ಬಾಗಿಲಿಲ್ಲ, ಬೀಗ ಇಲ್ಲ, ಕಲ್ಲಿಲ್ಲ.

'ಎದ್ದಿ?' ಅಂದಳು ಅವ್ವ. ಆ ಎರಡು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಇತ್ತು. 'ಬಣ್ಣದ ಚಿತ್ರ ಎಲ್ಲಾ ಬಿಟ್ಟೇನಿ. ಇದೊಂದು ತುಕಡಿ ಗಲೀಜಾಗಿತ್ತು, ಯಾರೋ ಹುಡುಗರು ಇದ್ದಿಲಿನಾಗ ಗೀಚಿದ್ರು. ಸುಣ್ಣ ಎರಡು ಕೈ ಹೊಡದೆ. ನಿನ್ನ ಭಾಗ ಇದೇ ಅಂದ್ಯಲ್ಲ ನಿನ್ನೆ, ನೀ ಇನ್ನಾ ಬಣ್ಣ ಹಚ್ಚಿರಲಿಲ್ಲ, ಅದಕ್ಕ ಚೊಕ್ಕ ಮಾಡಿಕೊಟ್ಟೆ. ನಿನಗ ತ್ರಾಸ ಆಗಬಾರದು.'

ಬೇಸರವಾಯಿತು ಅಂದರೆ ತಪ್ಪು. ನನ್ನೊಳಗಿನ ಯಾವುದೋ ಕೋಣೆಯ ದೀಪವನ್ನು ಊದಿ ಆರಿಸಿದ ಹಾಗಾಯಿತು, ಅಷ್ಟೇ. ಅವಳು ಆ ಬಾಗಿಲ ಎದುರಿಗೇ ನಿಂತಿದ್ದಳು. ಗುರುತು ಹಿಡಿಯಲಿಲ್ಲ.

'ಚಂದ ಆಗ್ಯಾದವ್ವ,' ಅಂದೆ.

ಮುಖ ತೊಳೆಯುವ ನೆಪ ಮಾಡಿ ಟ್ಯಾಂಕರಿನ ಹಿಂದೆ ಹೋದೆ. ಗುಂಡಮ್ಮತ್ತಿ ಅಲ್ಲಿ ಒಂದು ಚೊಂಬು ನೀರಿನಲ್ಲಿ ಮುಖ, ಕೈ, ಕಾಲು ಮೂರನ್ನೂ ತೊಳೆದು, ಹಣೆಗೆ ವಿಭೂತಿ ಎಳೆಯುತ್ತಿದ್ದಳು. ನನ್ನ ಕಣ್ಣು ನೋಡಿದಳು.

'ಅಳಬ್ಯಾಡ. ನೀರು ಮೊದಲೇ ಕಮ್ಮಿ ಅದ.'

ನಗು ಬಂತು, ಅದರ ಜೋಡಿ ಅಳುವೂ ಬಂತು.

'ಅದು ನೀ ಬರದ ಚಿತ್ರ ಇತ್ತಲ್ಲ?' ಅಂದಳು. 'ನಾ ಹೇಳಾಕ ಬರೂದ್ರಾಗ ಅಕಿ ಬಳದೇ ಬಿಟ್ಟಿದ್ಲು.'

'ಇರಲಿ ಬಿಡತ್ತಿ.'

'ಇನ್ನೊಂದು ಹೇಳ್ತೇನಿ ಕೇಳು. ಇದು ಕೂಲಿ ಕೆಲಸ ಅಲ್ಲ ಅಂತ ನನಗ ನಿನ್ನೆ ಮಧ್ಯಾನದಾಗೇ ಗೊತ್ತಾಯ್ತು. ಕೂಲಿ ಕೊಡೋರು ಯಾರಾದ್ರೂ ಝುಣಕ ಇನ್ನೊಮ್ಮಿ ಬಡಸ್ತಾರೇನ?'

ನಾನು ನೆಲ ನೋಡಿದೆ. 'ಅತ್ತಿ, ನಿಮ್ಮ ಹಾಜರಿ...'

'ನನ್ನ ಹಾಜರಿ ಸುಡುಗಾಡಿಗಿ ಹೋಗಲಿ. ಬಂದು ಎರಡು ದಿನ ಹೊಟ್ಟಿ ತುಂಬ ಉಂಡೆ, ಇಷ್ಟು ದೊಡ್ಡ ಅಂಗಳ ನೋಡಿದೆ. ತಗಡಿನ ಕೆಳಗ ಬೇಯೋದು ತಪ್ಪಿತು.' ಧ್ವನಿ ಇಳಿಸಿದಳು. 'ನನ್ನ ಯಾಕ ಕರಕೊಂಡ ಬಂದಾಳ ಗೊತ್ತದ ಏನ ನಿನಗ?'

'ಜೋಡಿ ಅಂತ.'

'ಜೋಡಿಯೂ ಖರೇ. ಆದ್ರ ಗಾಡ್ಯಾಗ ಕೂತ ಮ್ಯಾಲ ಹೇಳಿದ್ಲು. ಗುಂಡಮ್ಮಕ್ಕ, ಸಾಲಿ ಕಲ್ತ ಹುಡುಗಿ ಅದು. ಎರಡು ದಿನ ಅದರ ಜೋಡಿ ನಾ ಏನ್ ಮಾತಾಡಲಿ, ನೀ ಇದ್ರ ಮಾತು ನಡೀತದ ಅಂದ್ಲು.' ಗುಂಡಮ್ಮತ್ತಿ ಚೊಂಬು ಬೋರಲು ಹಾಕಿದಳು. 'ಅಕಿಗಿ ಕೆಲಸ ಅಲ್ಲ ಅಂತ ಗೊತ್ತಾದ್ರ ಕೈ ಖಾಲಿ ಆಗ್ತದ. ಕೈ ಖಾಲಿ ಆದ್ರ ನಿನ್ನ ಮಾರಿ ನೋಡಬೇಕಾಗ್ತದ. ಅದಕ್ಕ ಅಂಜ್ಯಾಳ. ನೀನೂ ಹಂಗೇ, ಅಕಿ ಹೊಟ್ಟ್ಯಾಗೇ ಹುಟ್ಟಿದಾಕಿ.'

ನಾನು ಗುರುವಾರ ಡೈರಿಯಲ್ಲಿ ಬರೆದ ಸಾಲು ಗುಂಡಮ್ಮತ್ತಿಯ ಬಾಯಿಂದ ಬಂತು. ಅದನ್ನು ಯಾರೂ ಓದಿರಲಿಲ್ಲ. ಅವ್ವನಿಗೆ ಓದಲು ಬರುವುದೂ ಇಲ್ಲ. ಅವಳಿಗೆ ಅದು ತಾನೇ ತಾನಾಗಿ ಹೊಳೆದಿತ್ತು, ನನಗೆ ಹೊಳೆದ ಹಾಗೆ, ಗರಗರ ಅನ್ನುವ ಆ ಮಷಿನ್ನಿನ ಪಕ್ಕ ನಿಂತು.

'ನೀವೇ ಹೇಳ್ರಿ ಅತ್ತಿ ಅಕಿಗಿ.'

'ನಾ ಯಾಕ ಹೇಳಲಿ? ನಿನ್ನ ಅವ್ವ, ನಿನ್ನ ಬಾಯಿ. ನಾ ಬರೇ ಗೋಡಿ ಕೆರಿಯಾಕಿ.'

ಮಧ್ಯಾಹ್ನ ಊಟವಾದ ಮೇಲೆ ಶಿಬಿರದ ಕಡೆಯ ಕೂಟ. ಒಬ್ಬೊಬ್ಬರೂ ತಮ್ಮ ಭಾಗದ ಎದುರು ನಿಂತು, ಏನು ಬರೆದಿದ್ದೇವೆ ಅಂತ ಎರಡು ಮಾತು ಹೇಳಬೇಕು. ಇದು ನನಗೆ ಮೊದಲೇ ತಿಳಿದಿದ್ದರೆ ಶಿಬಿರಕ್ಕೇ ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಹಾಜರಿ ಕರೆದಾಗ ಎಸ್ ಸರ್ ಅನ್ನಲೂ ಬೆವರುತ್ತಿದ್ದವಳು ನಾನು.

ಗುಂಪು ಗೋಡೆಯ ಉದ್ದಕ್ಕೂ ಸರಿಯುತ್ತ ಬಂತು. ನವಿಲಿನ ಹುಡುಗಿಯರು ಮಳೆ ಬರಲಿ ಅಂತ ಬರೆದೆವು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ, ಗುಂಡಮ್ಮತ್ತಿ ಗುಂಪಿನ ಹಿಂದೆ, ಕೆಲಸ ಮುಗಿಸಿದವರು ನಿಲ್ಲುವ ಹಾಗೆ, ತುಸು ದೂರ ನಿಂತಿದ್ದರು. ಅವ್ವ ಕುಂಚ ತೊಳೆದು, ಒಣಗಿಸಿ, ಮತ್ತೆ ಬಟ್ಟೆ ಸುತ್ತಿ ಬಗಲಲ್ಲಿ ಇಟ್ಟುಕೊಂಡಿದ್ದಳು. ಚೀಲದ ಬಾಯಿಯಿಂದ ನಾನು ತಂದ ಬನ್ನಿನ ಕಾಗದ ಕಾಣುತ್ತಿತ್ತು. ತಿಂದಿರಲಿಲ್ಲ. ಅಪ್ಪನಿಗೆ ಇಟ್ಟಿರಬೇಕು.

ನನ್ನ ಭಾಗ ಬಂತು.

ಚಿಮಣಿಯ ನೆರಳು ಬಿಳಿ ಗೋಡೆಯ ನಡುವೆ ಬಿದ್ದಿತ್ತು. ನಿನ್ನೆ ಫೋಟೊ ಹಿಡಿದ ಹೆಂಗಸು ಮುಂದೆ ಬಂದು, ಕತ್ತು ಓರೆ ಮಾಡಿ ನೋಡಿ, ಹಿಂದಿಯಲ್ಲಿ ಏನೋ ಅಂದಳು. ಸರ್ ಅದನ್ನು ಕನ್ನಡಕ್ಕೆ ತಂದರು: 'ಎಲ್ಲರೂ ತುಂಬಸ್ಯಾರ, ಈ ಹುಡುಗಿ ಖಾಲಿ ಬಿಟ್ಟಾಳ, ಅದೇ ದೊಡ್ಡದು ಅಂತಾರ ನೋಡಮ್ಮಾ.' ಆಮೇಲೆ ಮೆಲ್ಲಗೆ ನನ್ನ ಕಡೆ ಬಾಗಿದರು. ನಿನ್ನೆ ಅವರು ನನ್ನ ಬಾಗಿಲು ನೋಡಿದ್ದರು. 'ಸುಮೇಧಾ, ಏನಾತು? ನೀನೇ ಅಳಿಸಿದ್ಯಾ?'

ಹೌದು ಸರ್ ಅಂದರೆ ಮುಗಿಯುತ್ತಿತ್ತು. ಖಾಲಿ ಬಿಟ್ಟೆ ಅಂದರೆ ಹೊಗಳಿಕೆಯೂ ಸಿಗುತ್ತಿತ್ತು. ಗುಂಪು ಮುಂದೆ ಸರಿಯುತ್ತಿತ್ತು, ಸಂಜೆಯ ರೈಲು ಬರುತ್ತಿತ್ತು, ಅವ್ವ ಹೈದರಾಬಾದಿಗೆ, ನಾನು ಬುದ್ಧನ ಫೋಟೊದ ಕೆಳಗಿನ ಜಾಗಕ್ಕೆ. ಮುಂದಿನ ರವಿವಾರ ಫೋನು. ಆರಾಮಿದ್ದಿ? ಆರಾಮ.

ತಲೆ ಎತ್ತಿ ನೋಡಿದೆ. ಅಷ್ಟು ತಲೆಗಳ ಆಚೆ ಅವ್ವ ಹಿಮ್ಮಡಿ ಎತ್ತಿ ನಿಂತು ನನ್ನ ಕಡೆಗೇ ನೋಡುತ್ತಿದ್ದಳು. ಕೆಲಸದಲ್ಲಿ ಏನಾದರೂ ತಪ್ಪಾಯಿತೇ, ಮಗಳನ್ನು ಬೈಯುತ್ತಿದ್ದಾರೆಯೇ ಅನ್ನುವ ಗಾಬರಿ ಮುಖದಲ್ಲಿ. ಬಗಲಿನ ಕುಂಚ ಈಗ ಎರಡೂ ಕೈಯಲ್ಲಿತ್ತು.

'ಇದು ನಮ್ಮವ್ವ ಬಳದ ಗೋಡಿರಿ,' ಅಂದೆ. ಧ್ವನಿ ಸಣ್ಣಗೆ ಬಂತು. ಯಾರೋ ಜೋರಾಗಿ ಹೇಳಮ್ಮಾ ಅಂದರು. ಸರ್ ಅವರನ್ನೂ ನೋಡದೆ, ಆ ಹೆಂಗಸನ್ನೂ ನೋಡದೆ, ಅವ್ವನೊಬ್ಬಳನ್ನೇ ನೋಡುತ್ತ ಮತ್ತೆ ಹೇಳಿದೆ.

'ಅವ್ವ, ನಾ ನಿನ್ನ ಕೆಲಸಕ್ಕ ಕರದಿಲ್ಲ. ನನಗ ಬೀದರಿನಾಗ ಒಬ್ಬಾಕಿಗೇ ಆರಾಮ ಇಲ್ಲವ್ವ. ನೀ ಬೇಕಾಗಿದ್ದಿ, ಅದಕ್ಕ ಕರದೆ.'